ಮಸ್ಕತ್ತಿನಲ್ಲಿ ನಾನು ಸೀನಿದ ಕಥೆ

ಸಿಂಚನಾ, ಗಗನ್,

ಹೋದ ವಾರ ಫೋನಿನಲ್ಲಿ ನೀವಿಬ್ಬರೂ ಒಂದೇ ಉಸಿರಿಗೆ ಕೇಳಿದಿರಲ್ಲ, "ಅಜ್ಜಿ, ಏರ್‌ಪೋರ್ಟಿನಲ್ಲಿ ನಿನ್ನನ್ನು ಹಿಡಿದುಕೊಂಡು ಹೋಗಿದ್ದು ನಿಜವಾ?" ಎಂದು, ಆಗ ನಾನು "ಸಿಗ್ನಲ್ ಸರಿಯಿಲ್ಲ ಕಣ್ರಪ್ಪಾ" ಎಂದು ಫೋನ್ ಇಟ್ಟುಬಿಟ್ಟೆ. ಸಿಗ್ನಲ್ ಸರಿಯಾಗಿಯೇ ಇತ್ತು. ನನಗೆ ನಾಚಿಕೆಯಾಯಿತು, ಅಷ್ಟೆ.

ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹೇಳುತ್ತಿದ್ದೇನೆ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮ್ಮಮ್ಮ ಸವಿತ ಈ ಕಥೆಯನ್ನು ಒಂದೊಂದು ಸಲ ಒಂದೊಂದು ಥರ ಹೇಳುತ್ತಾಳೆ. ಆದರೆ ಅವಳು ಅಲ್ಲಿರಲಿಲ್ಲ. ಇದ್ದವರು ನಾನು ಮತ್ತು ನಿಮ್ಮ ತಾತ. ತಾತ ಈಗಿಲ್ಲ. ಆದ್ದರಿಂದ ನಾನು ಹೇಳಿದ್ದೇ ಸತ್ಯ!

ಕೊರೊನಾ ಬಂದ ವರ್ಷ, ಶಿವರಾತ್ರಿಗೆ ಸ್ವಲ್ಪ ಮೊದಲು ನಾವಿಬ್ಬರೂ ಮಸ್ಕತ್ತಿಗೆ ಹೊರಟೆವು. ಗಗನ್, ನೀನಿನ್ನೂ ನಿಮ್ಮಮ್ಮನ ಹೊಟ್ಟೆಯಲ್ಲಿದ್ದೆ. ಸಿಂಚನಾ, ನಿನಗೆ ಐದು ವರ್ಷ. ಮೂರು ತಿಂಗಳು ಬಾಣಂತನ ಮಾಡಿ ವಾಪಸು ಬರುವುದು ಎಂದು ಲೆಕ್ಕ. ಅಲ್ಲಿಯವರೆಗೆ ನಾನು ಕೈಲಾಂಚದಿಂದ ರಾಮನಗರಕ್ಕೆ, ಹೆಚ್ಚೆಂದರೆ ಬೆಂಗಳೂರಿಗೆ ಹೋಗಿದ್ದವಳು. ಹಾಗಿದ್ದೂ ಹೆದರಲಿಲ್ಲ. ಮುಂದೆ ಕಾಯಿಲೆ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಹೆದರಲಿಲ್ಲ. ಯಾಕೆಂದರೆ ನಾನು ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವಳು!

ಇದಕ್ಕೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ನೀವು ನೋಡಿದ್ದೀರಿ, ನಮ್ಮ ಹುಳದ ಮನೆಗೆ ಕಂಡ ಕಂಡವರನ್ನು ಬಿಡುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ. ಕಾಲು ಅದ್ದಿ, ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಹೋಗಬೇಕು. ಒಂದು ಹುಳಕ್ಕೆ ರೋಗ ಬಂದರೆ ತಕ್ಷಣ ಎತ್ತಿ ದೂರ ಹಾಕಬೇಕು. ಟಿವಿಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಇದನ್ನೇ ಹೊಸದಾಗಿ ಕಂಡುಹಿಡಿದವರಂತೆ ಹೇಳುತ್ತಿದ್ದರೆ ನನಗೆ ನಗು. "ಇದ್ನ ನನ್ ಕೇಳಿದ್ರೆ ಫೆಬ್ರವರೀಲೇ ಹೇಳ್ತಿದ್ನಲ್ಲ" ಎಂದು ನಿಮ್ಮ ತಾತನ ಮುಂದೆ ಜಂಬ ಕೊಚ್ಚಿದೆ.

ಮಾರನೆಯ ದಿನವೇ ಮಸ್ಕತ್ತಿನ ಆ ನಾಲ್ಕನೇ ಮಹಡಿಯ ಮನೆಯ ಆಡಳಿತವನ್ನು ಕೈಗೆ ತೆಗೆದುಕೊಂಡೆ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಟಬ್ಬು. ನಿಮ್ಮಪ್ಪ ಮಹೇಶ ತರಕಾರಿ ತಂದರೆ ಮೊದಲು ಟಬ್ಬಿನಲ್ಲಿ ಕಾಲಿಡಬೇಕು. ಪಾಪ, ತುಂಬಾ ಮರ್ಯಾದೆಯ ಅಳಿಯ. ಒಂದು ತಿಂಗಳು ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಒಂದು ದಿನ ಮೆಲ್ಲಗೆ, "ಅತ್ತೆ, ಇದು ಮೂರ್ನೇ ಪ್ಯಾಂಟು" ಎಂದ. ನೋಡಿದರೆ ಕಪ್ಪು ಪ್ಯಾಂಟು ಮೊಣಕಾಲಿನವರೆಗೆ ಬಿಳಿಚಿಕೊಂಡು ಹಸುವಿನ ಕಾಲಿನ ಹಾಗಾಗಿತ್ತು!

ಇನ್ನು ನಿಮ್ಮ ತಾತನ ವಿಷಯ. ಅವರಿಗೆ ನಶ್ಯದ ಅಭ್ಯಾಸ ಇತ್ತು. ಹೊಗೆಸೊಪ್ಪಿನ ಪುಡಿ, ಚಿಟಿಕೆ ತೆಗೆದು ಮೂಗಿಗೆ ಏರಿಸುವುದು. ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ಎಂದರೆ ವಿಷ. ನಶ್ಯ ಹಾಕಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಸಾಕು, ಹುಳ ತಲೆ ಎತ್ತಿ ಒದ್ದಾಡಿ ಕಕ್ಕಿ ಸಾಯುತ್ತದೆ. ಆದ್ದರಿಂದ ಮದುವೆಯಾದ ಹೊಸದರಿಂದಲೂ ಅವರ ನಶ್ಯದ ಡಬ್ಬಿಯನ್ನು ಬಚ್ಚಿಡುವುದು ನನ್ನ ಕೆಲಸ, ಹುಡುಕಿ ತೆಗೆಯುವುದು ಅವರ ಕೆಲಸ. ಈ ವಿದ್ಯೆಯಲ್ಲಿ ನಾವಿಬ್ಬರೂ ಪಂಡಿತರಾಗಿದ್ದೆವು.

ಮೂರು ತಿಂಗಳು ಎಂದದ್ದು ನಾಲ್ಕಾಯಿತು. ನಾಲ್ಕು ಐದಕ್ಕೆ ಬಿತ್ತು. ವಿಮಾನವಿಲ್ಲ. ಗಗನ್ ಹುಟ್ಟಿ, ಮಗ್ಗುಲಾಗುವುದನ್ನೂ ಕಲಿತ. ನಿಮ್ಮ ತಾತ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದರು. ಊಟ ಸೇರದು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಎದುರಿನ ಬೆಟ್ಟ ನೋಡುತ್ತಾ ಕೂತುಬಿಡುವರು. ನಮ್ಮ ಕಡೆಯಂತೆಯೇ ಕಲ್ಲುಬೆಟ್ಟ, ಆದರೆ ಒಂದು ಹುಲ್ಲುಕಡ್ಡಿ ಇಲ್ಲ. ಅವರ ಎದೆಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದರು. ಒಂದು ಸಂಜೆ ನನ್ನನ್ನು ಹತ್ತಿರ ಕರೆದು, ಸವಿತನಿಗೆ ಕೇಳಿಸದ ಹಾಗೆ ಹೇಳಿದರು.

"ಜಯೀ, ಇಲ್ಲೇ ನನ್ಗೆ ಏನಾರ ಆದ್ರೆ ಈ ಬೋಳುಗುಡ್ಡದಾಗೆ ಎಲ್ಲೋ ಮಣ್ಮಾಡ್ಬುಡ್ತಾರೆ ಕಣೆ. ನಮ್ ತೋಟಕ್ಕೆ ಕರ್ಕೊಂಡ್ ಹೋಗ್ಬುಡು. ಅಪ್ಪ ಅವ್ವ ಇರೋ ಜಾಗದಾಗೆ ಇರ್ತೀನಿ."

"ಸುಮ್ಕಿರಿ, ಬಾಣಂತಿ ಮನೇಲಿ ಅದೇನ್ ಮಾತು" ಎಂದು ಗದರಿದೆ. ಗದರಿದ್ದು ಬಾಯಿ ಮಾತ್ರ. ಅವತ್ತಿನಿಂದ ಅವರು ಮಲಗಿದ್ದಾಗ ಉಸಿರಾಡುತ್ತಿದ್ದಾರಾ ಎಂದು ಹೊದಿಕೆ ಏಳುವುದನ್ನೇ ನೋಡುತ್ತಿದ್ದೆ. ಹುಳ ಪೊರೆ ಕಳಚಲು ಜ್ವರಕ್ಕೆ ಕೂತಾಗಲೂ ನಾನು ಅಷ್ಟು ಕಾದವಳಲ್ಲ.

ಕಡೆಗೆ ಆಷಾಢದಲ್ಲಿ, ಊರಿಗೆ ಹೋಗುವ ವಿಮಾನದ ಪಟ್ಟಿಯಲ್ಲಿ ನಮ್ಮ ಹೆಸರು ಬಂತು. ಎರಡು ಸೀಟು! ಮಹೇಶ ಸಿಹಿ ಹಂಚುವ ಬದಲು ಎದುರಿಗೆ ಕೂರಿಸಿಕೊಂಡು ಎಚ್ಚರಿಕೆ ಹಂಚಿದ.

"ಮಾವ, ಅತ್ತೆ, ಸರಿಯಾಗಿ ಕೇಳಿಸ್ಕೊಳಿ. ಜ್ವರ ಇದ್ರೆ, ಕೆಮ್ಮಿದ್ರೆ, ಸೀನಿದ್ರೆ ವಿಮಾನ ಹತ್ಸಲ್ಲ. ಈ ಸಲ ತಪ್ಪಿದ್ರೆ ಮತ್ತೆ ಪಟ್ಟಿ ಕೊನೆಗೆ. ಇನ್ನೆಷ್ಟು ತಿಂಗ್ಳೋ ಗೊತ್ತಿಲ್ಲ."

ಸೀನಿದರೆ ಎಂದಾಗ ಮನೆಯವರೆಲ್ಲ ತಾತನ ಮೂಗು ನೋಡಿದೆವು.

"ನನ್ ಯಾಕ್ ನೋಡೀರಿ? ನಲವತ್ತು ವರ್ಷದ್ ಮೂಗು ಇದು. ನಶ್ಯಕ್ಕೆಲ್ಲ ಸೀನೋ ಮೂಗಲ್ಲ" ಎಂದರು ತಾತ.

ನಾನು ನಂಬಲಿಲ್ಲ. ಹೊರಡುವ ದಿನ ಬೆಳಿಗ್ಗೆಯೇ ಡಬ್ಬಿಯನ್ನು ಮುಟ್ಟುಗೋಲು ಹಾಕಿಕೊಂಡೆ. ಅದು ಕೊನೆಯ ಡಬ್ಬಿ. ಅಲ್ಯೂಮಿನಿಯಂನದು, ಬಿದ್ದು ಬಿದ್ದು ಮುಚ್ಚಳ ಸಡಿಲವಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ, ಊರಿಗೆ ಹೋಗಿ ಕೊಡೋಣ ಎಂದುಕೊಂಡೆ. ಎಲ್ಲಿ ಬಚ್ಚಿಡುವುದು? ನನ್ನ ಎಲೆಅಡಿಕೆ ಚೀಲ, ಸೀರೆಗಳ ಮಡಿಕೆ, ಮಾತ್ರೆ ಡಬ್ಬ ಎಲ್ಲವೂ ಅವರಿಗೆ ಗೊತ್ತಿರುವ ಜಾಗ. ಆಗ ನನ್ನ ಬುದ್ಧಿ ಮಿಂಚಿತು. ಹಳೆಯ ಸೀರೆಯಲ್ಲಿ ನಾನೇ ಹೊಲಿದ ಮಾಸ್ಕುಗಳ ಒಂದು ಚೀಲ ಇತ್ತು. ಮಾಸ್ಕ್ ಎಂದರೆ ತಾತನಿಗೆ ಆಗದು. ಕೊಟ್ಟರೆ ಹಾಕಿಕೊಳ್ಳುವರೇ ಹೊರತು ತಾವಾಗಿ ಆ ಚೀಲಕ್ಕೆ ಕೈ ಹಾಕುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ. ಡಬ್ಬಿಯನ್ನು ಮಾಸ್ಕುಗಳ ಮಧ್ಯೆ ತೂರಿಸಿ, ದಾರ ಎಳೆದು ಗಂಟು ಹಾಕಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮಕ್ಕಳೇ, ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ.

ಬಾಗಿಲಲ್ಲಿ ನಿಮ್ಮನ್ನು ಬಿಟ್ಟು ಬರುವಾಗ ನಾನು ಅತ್ತೆ. ಕಾರಿನಲ್ಲಿ ಅತ್ತೆ. ವಿಮಾನ ನಿಲ್ದಾಣದವರೆಗೂ ಅತ್ತೆ. ಹಾಕಿಕೊಂಡಿದ್ದ ಮಾಸ್ಕು ನೆನೆದು ಒದ್ದೆ ಬಟ್ಟೆಯಾಯಿತು. ಮಹೇಶ ಒಳಗೆ ಬರುವ ಹಾಗಿರಲಿಲ್ಲ, ಬಾಗಿಲಲ್ಲೇ ಕಾಲು ಮುಟ್ಟಿ ನಿಂತ. ಒಳಗೆ ಉದ್ದನೆಯ ಸಾಲು. ಸಾಲಿನ ತುದಿಯಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿದ ಅಧಿಕಾರಿ, ಗೂಡಿನೊಳಗೆ ಸೇರಿಕೊಂಡ ಹುಳದ ಹಾಗೆ, ಕಣ್ಣು ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಜ್ವರ ನೋಡುವ ಪಿಸ್ತೂಲು.

ಒದ್ದೆ ಮಾಸ್ಕಿನಲ್ಲಿ ಅಧಿಕಾರಿಯ ಮುಂದೆ ನಿಲ್ಲುವುದು ಹೇಗೆ? ಶುಚಿ ಮುಖ್ಯ! ಚೀಲಕ್ಕೆ ಕೈ ಹಾಕಿ ಒಂದು ಒಗೆದ ಮಾಸ್ಕು ತೆಗೆದು ಕಟ್ಟಿಕೊಂಡೆ. ಅತ್ತು ಅತ್ತು ಮೂಗು ಕಟ್ಟಿತ್ತು, ವಾಸನೆ ತಿಳಿಯಲಿಲ್ಲ.

ನನ್ನ ಮುಂದಿದ್ದವರು ತಾತ. ಅವರ ಹಣೆಗೆ ಪಿಸ್ತೂಲು ಹಿಡಿದರು. ಸರಿಯಿದೆ, ಹೋಗಿ. ಆಮೇಲೆ ನಾನು. ಧೈರ್ಯ ತಂದುಕೊಳ್ಳಲು ಒಂದು ದೀರ್ಘ ಉಸಿರು ಎಳೆದೆ.

ಕಟ್ಟಿದ್ದ ಮೂಗು ತೆರೆದುಕೊಂಡಿತು!

ಮೊದಲನೆಯ ಸೀನನ್ನು ಹೇಗೋ ನುಂಗಿದೆ. ಎರಡನೆಯದು ಕಿವಿಯಲ್ಲಿ ಹೋಯಿತು. ಮೂರನೆಯದು ನನ್ನ ಮಾತು ಕೇಳಲಿಲ್ಲ. ಆಮೇಲೆ ಲೆಕ್ಕವಿಲ್ಲ. ಏಳೋ ಎಂಟೋ. ತಲೆ ಎತ್ತಿ ನೋಡಿದರೆ ನನ್ನ ಹಿಂದೆ ಅಂಟಿಕೊಂಡು ನಿಂತಿದ್ದ ಸಾಲು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಿತ್ತು. ಬೆಳಿಗ್ಗೆಯಿಂದ ಮೈಕಿನಲ್ಲಿ ಕೂಗಿ ಕೂಗಿ ಆಗದಿದ್ದ ಅಂತರವನ್ನು ನಾನೊಬ್ಬಳೇ ಕ್ಷಣದಲ್ಲಿ ಜಾರಿಗೆ ತಂದಿದ್ದೆ!

ಅಧಿಕಾರಿ ನನ್ನ ಪಾಸ್‌ಪೋರ್ಟ್ ಎತ್ತಿಕೊಂಡು, ಪಕ್ಕದ ಗಾಜಿನ ಕೋಣೆ ತೋರಿಸಿದ. ರೋಗ ಬಂದ ಹುಳವನ್ನು ಎತ್ತಿ ಬೇರೆ ಇಡುತ್ತಿದ್ದೆನಲ್ಲ, ಹಾಗೆ ನನ್ನನ್ನು ಎತ್ತಿ ಬೇರೆ ಇಟ್ಟರು. ಹುಳಕ್ಕೆ ಹೇಗಾಗುತ್ತಿತ್ತು ಎಂದು ಅವತ್ತು ತಿಳಿಯಿತು.

ಕೋಣೆಗೆ ಒಬ್ಬಳು ನರ್ಸ್ ಬಂದಳು. ಕೇರಳದ ಹುಡುಗಿ. "ಅಮ್ಮ, ಹೆದರಬೇಡಿ. ನಾನು ಬೆಂಗಳೂರಲ್ಲಿ ಓದಿದೆ. ಕನ್ನಡ ಸ್ವಲ್ಪ ಬರ್ತದೆ" ಎಂದಳು. ದೇವರೇ ಬಂದ ಹಾಗಾಯಿತು. ಬಾಯಿ ಬಿಟ್ಟು ಎರಡು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಏನಾಗಿದೆ ಎಂದು ನನಗೆ ಗೊತ್ತಾಗಿತ್ತು. ಮೂಗಿನ ತುಂಬ ನಶ್ಯ! ಗಂಡಸರು ಸೇದುವ ಪುಡಿ ನನ್ನ ಮೂಗಿನಲ್ಲಿದೆ ಎಂದು ಪರದೇಶದಲ್ಲಿ, ಅಷ್ಟು ಜನರ ಮುಂದೆ ಹೇಗೆ ಹೇಳುವುದು? ನಾಲಿಗೆ ಅಂಟಿಕೊಂಡಿತು. ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಮೇಷ್ಟ್ರು ಕಲಿಸಿದ್ದೊಂದೇ ನೆನಪಾಯಿತು: ಅವರು ಏನೇ ಕೇಳಲಿ, ಹೌದು ಅನ್ನಿ.

"ಅಮ್ಮ, ಜ್ವರ ಬಂದಿತ್ತಾ?"

"ಹೌದು."

"ಕೆಮ್ಮು ಇದೆಯಾ?"

"ಹೌದು."

"ಎಷ್ಟು ದಿವಸದಿಂದ?"

"ಹೌದು."

ನರ್ಸಿನ ಕಣ್ಣು ದೊಡ್ಡದಾಯಿತು. ಅವಳು ಬರೆದುಕೊಂಡಳು. ಅಧಿಕಾರಿಗೆ ತೋರಿಸಿದಳು. ಆತ ತಾತನ ಕಡೆ ತಿರುಗಿ ಕೈ ಬೀಸಿದ. ನರ್ಸ್ ಹೇಳಿದಳು, "ಅಪ್ಪ, ನೀವು ಹೋಗಬಹುದು. ಅಮ್ಮ ಇವತ್ತು ಹೋಗಲಿಕ್ಕೆ ಆಗಲ್ಲ."

ಗಾಜಿನ ಬಾಗಿಲಾಚೆ ತಾತ ಬ್ಯಾಗು ಹಿಡಿದು ನಿಂತಿದ್ದರು. ಐದು ತಿಂಗಳಿನಿಂದ ಅವರು ಕಾದದ್ದು ಇದೇ ವಿಮಾನಕ್ಕೆ. ಅದನ್ನು ತಪ್ಪಿಸಿದವರು ಯಾರು? ಕೊರೊನಾ ಅಲ್ಲ. ನಾನು! ಎದ್ದು ನಿಂತು ಕೈಸನ್ನೆ ಮಾಡಿದೆ.

"ನೀವ್ ಹೋಗ್ರಿ. ನಾನ್ ಆಮ್ಯಾಕ್ ಬತ್ತೀನಿ. ಸವಿತ ಅವ್ಳೆ, ನನ್ಗೇನೂ ಆಗಾಕಿಲ್ಲ. ನೀವ್ ತೋಟ ಸೇರ್ಕಳಿ."

ತಾತ ಬ್ಯಾಗನ್ನು ನೆಲದ ಮೇಲಿಟ್ಟು ಅದರ ಮೇಲೇ ಕೂತುಬಿಟ್ಟರು.

"ಒಬ್ನೇ ಹೋಗಿ ಏನ್ ಕಿಸಿಯಾನ? ಹುಳ ಹಣ್ಣಾಗಿ ಗೂಡು ಕಟ್ಟಾಕೆ ಬಂದ್ರೆ ಗುರ್ತು ಹಿಡಿಯಾಕೂ ನನ್ಗೆ ಬರಾಕಿಲ್ಲ. ಇಬ್ರೂ ಹೋಗದಾದ್ರೆ ಹೋಗಾನ, ಇಲ್ಲಾಂದ್ರೆ ಆ ಬೋಳುಗುಡ್ಡನೇ ಆಗ್ಲಿ ಬುಡು."

ಹೇಳಿ ಮುಗಿಸಿದವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನನ್ನ ಮಾಸ್ಕು ನೋಡಿದರು. ಮಾಸ್ಕಿನ ಅಂಚಿನಲ್ಲಿ ಕಂದು ಬಣ್ಣದ ಪುಡಿ. ಎದ್ದು ಬಂದು, ಬಾಗಿಲ ಸಂದಿಗೆ ಮೂಗಿಟ್ಟು ಒಂದು ಸಲ ಉಸಿರೆಳೆದರು. ಅವರ ಮುಖ ಅರಳಿತು!

"ಲೇ ಜಯೀ, ನನ್ ಡಬ್ಬಿ ಎಲ್ ಮಡ್ಗಿದ್ದೆ?"

ನಾನು ನೆಲ ನೋಡಿದೆ. "ಮಾಸ್ಕಿನ್ ಚೀಲ್ದಾಗೆ" ಎಂದೆ. ಸೊಳ್ಳೆಗೂ ಕೇಳಿಸದ ಹಾಗೆ.

ಅವರು ನಗಲು ಶುರುಮಾಡಿದರು. ಐದು ತಿಂಗಳಲ್ಲಿ ಆ ನಗು ನಾನು ಕೇಳಿರಲಿಲ್ಲ. "ಸಿಸ್ಟ್ರೇ, ಬನ್ನಿ ಇಲ್ಲಿ. ಇದು ಕಾಯ್ಲೆ ಅಲ್ಲ ಕಣವ್ವ, ನಶ್ಯ!" ಎಂದರು. ಅವಳಿಗೆ ತಿಳಿಯಲಿಲ್ಲ. ತಾತ ನನ್ನ ಚೀಲ ತರಿಸಿ, ಒಂದು ಮಾಸ್ಕು ಎತ್ತಿ, ತಮ್ಮ ಮೂಗಿಗೆ ಒತ್ತಿಕೊಂಡು ಶಂಖ ಊದುವವರು ಉಸಿರು ಎಳೆದುಕೊಳ್ಳುವ ಹಾಗೆ ಎಳೆದುಕೊಂಡರು. ಕಣ್ಣು ಮುಚ್ಚಿತು. ಕೆನ್ನೆಯ ಮೇಲೆ ಎರಡು ಹನಿ ನೀರು ಇಳಿಯಿತು. ಸೀನಲಿಲ್ಲ! ಜೀವನದಲ್ಲಿ ಮೊದಲ ಬಾರಿಗೆ ತಾತ ಖುಷಿಯಿಂದ ಮಾಸ್ಕ್ ಹಾಕಿಕೊಂಡದ್ದು ಅವತ್ತು.

"ಅಯ್ಯೋ, ಇದು ನಮ್ಮ ಅಜ್ಜ ಹಾಕುವುದು!" ಎಂದಳು ನರ್ಸ್. ಅವಳಿಗೆ ನಗು ತಡೆಯಲಾಗಲಿಲ್ಲ.

ಆದರೆ ಅಧಿಕಾರಿ ನಗಲಿಲ್ಲ. ಪುಡಿ ಎಂದ ಮೇಲೆ ಯಾವ ಪುಡಿ? ಆತ ಡಬ್ಬಿಯನ್ನು ಎತ್ತಿ ಹಿಡಿದು, ಮುಖದ ಮುಂದಿನ ಪ್ಲಾಸ್ಟಿಕ್ ಮೇಲೆತ್ತಿ, ಮಾಸ್ಕ್ ಸ್ವಲ್ಪ ಸರಿಸಿ, ಮೂಸಿ ನೋಡಿದ. ಬೇಡ ಬೇಡ ಎಂದು ಮೂವರೂ ಕೈ ಎತ್ತಿದೆವು. ತಡವಾಗಿತ್ತು. ಆತ ಒಂಬತ್ತು ಸೀನಿದ. ನನಗಿಂತ ಹೆಚ್ಚು! ಆತ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದಾಗ ಸಾಲಿನಲ್ಲಿದ್ದವರು ಮತ್ತೆ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋದರು.

ಡಬ್ಬಿ ಕಸದ ಬುಟ್ಟಿಗೆ ಹೋಯಿತು. ನನಗೆ ತೀರ್ಪು ಬಂತು. ಮುಖ ತೊಳೆದು, ಹೊಸ ಮಾಸ್ಕ್ ಹಾಕಿ, ಅರ್ಧ ಗಂಟೆ ಅವರ ಎದುರಿಗೇ ಕೂರಬೇಕು. ಜ್ವರ ಇಲ್ಲದಿದ್ದರೆ, ಒಂದೂ ಸೀನದಿದ್ದರೆ ಹೋಗಬಹುದು. ಒಂದೇ ಒಂದು ಸೀನಿದರೂ ಇಲ್ಲ.

ಮಕ್ಕಳೇ, ಸೀನಬಾರದು ಎಂದು ಕೂತು ನೋಡಿ ಒಮ್ಮೆ! ಗೋಡೆಯ ಮೇಲೆ ಗಡಿಯಾರ. ಮೈಕಿನಲ್ಲಿ ಬೆಂಗಳೂರಿನ ವಿಮಾನಕ್ಕೆ ಕರೆಯುತ್ತಿದ್ದಾರೆ. ನಮ್ಮ ಸಾಲಿನವರೆಲ್ಲ ಒಳಗೆ ಹೋಗುತ್ತಿದ್ದಾರೆ. ನನ್ನ ಮೂಗಿನೊಳಗೆ ಒಂದು ಸಣ್ಣ ಇರುವೆ ಮೇಲಕ್ಕೆ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಹದಿನಾರರ ಮಗ್ಗಿ ಹೇಳಿಕೊಂಡೆ. ಕಬ್ಬಾಳಮ್ಮನಿಗೆ ಹರಕೆ ಹೊತ್ತೆ. ನಾಲಿಗೆ ಕಚ್ಚಿಕೊಂಡೆ. ಈಗ ಪಕ್ಕದಲ್ಲೇ ಕೂರಲು ಬಿಟ್ಟಿದ್ದ ತಾತ, "ಹುಳ ಗೂಡು ಕಟ್ಟೋವಾಗ ಸದ್ದು ಮಾಡ್ದೆ ಕೂತಿರ್ತಿದ್ದಲ್ಲ, ಹಂಗೇ ಒಸಿ ಕೂತ್ಕೊ" ಎನ್ನುತ್ತಿದ್ದರು. ಅವರ ಕಣ್ಣು ಮಾತ್ರ ಗಡಿಯಾರ ಬಿಟ್ಟು ಕದಲಲಿಲ್ಲ. ನಾನು ಅದನ್ನು ನೋಡಿಬಿಟ್ಟೆ. ನೋಡಿದ ಮೇಲೆ ಮೂಗಿನ ತುರಿಕೆ ಇನ್ನೂ ಜೋರಾಯಿತು.

ಇನ್ನು ಎರಡೇ ನಿಮಿಷ. ಇರುವೆ ತುದಿ ಮುಟ್ಟಿತು. ಕಣ್ಣಲ್ಲಿ ನೀರು ತುಂಬಿತು, ಬಾಯಿ ತಾನಾಗಿ ತೆರೆದುಕೊಂಡಿತು. ಮುಗಿಯಿತು ಎಂದುಕೊಂಡೆ.

ತಾತ ಕೈ ಚಾಚಿ ನನ್ನ ಮೂಗನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಬಿಟ್ಟರು! ಅಧಿಕಾರಿಯ ಎದುರು, ನರ್ಸಿನ ಎದುರು, ಗಾಜಿನಾಚೆ ಹೋಗುತ್ತಿದ್ದ ಇಡೀ ಪ್ರಪಂಚದ ಎದುರು! ಮದುವೆಯಾಗಿ ನಲವತ್ತಮೂರು ವರ್ಷ, ಆ ಮನುಷ್ಯ ನಾಲ್ಕು ಜನರೆದುರು ನನ್ನ ಬೆರಳು ಮುಟ್ಟಿದವರಲ್ಲ. ನನಗೆ ಎಂಥ ನಾಚಿಕೆಯಾಯಿತು ಎಂದರೆ ಸೀನು ಬಂದ ದಾರಿಯಲ್ಲೇ ಓಡಿಹೋಯಿತು.

ನರ್ಸ್ ಮುಖ ಆ ಕಡೆ ತಿರುಗಿಸಿಕೊಂಡಳು. ಜ್ವರ ನೋಡಿದಳು. ಇಲ್ಲ. ಪಾಸ್‌ಪೋರ್ಟ್ ಕೈಗಿತ್ತು, "ಓಡಿ ಅಮ್ಮ" ಎಂದಳು. ಓಡಿದೆವು. ವಿಮಾನ ಮೇಲೇರಿದ ಮೇಲೆ ಸೀನಿದೆನೇ ಎಂದು ಮಾತ್ರ ಕೇಳಬೇಡಿ. ಅದು ನನಗೂ ನನ್ನ ಸೆರಗಿಗೂ ಸಂಬಂಧಪಟ್ಟ ವಿಷಯ.

ಬೆಂಗಳೂರಿನ ಹೋಟೆಲಿನಲ್ಲಿ ಏಳು ದಿನ ಕೂಡಿಹಾಕಿ, ಇನ್ನೇಳು ದಿನ ಮನೆಯಲ್ಲಿರಿ ಎಂದು ಕಳಿಸಿದರು. ಊರಿಗೆ ಬಂದರೆ ನಮ್ಮ ಮನೆಯ ಬಾಗಿಲಲ್ಲೇ ಬ್ಲೀಚಿಂಗ್ ನೀರಿನ ತಟ್ಟೆ! ಪಕ್ಕದ ಮನೆಯ ಪುಟ್ಟಗೌರಮ್ಮ ಕಾಂಪೌಂಡಿನಾಚೆ, ಮೂಗಿಗೆ ಸೆರಗು ಹಿಡಿದು ನಿಂತಿದ್ದಳು.

"ಜಯಕ್ಕಾ, ಕಾಲ್ ಅದ್ದಿ ಒಳಿಕ್ ಹೋಗಕ್ಕ. ಬೇಜಾರ್ ಮಾಡ್ಕಬ್ಯಾಡ. ನಮ್ಗೆಲ್ಲ ನೀನೇ ಹೇಳ್ಕೊಟ್ಟಿದ್ದು!"

ಅದ್ದಿದೆ. ಇನ್ನೇನು ಮಾಡಲಿ? ತಾತ ಮಾತ್ರ ಕಾಲು ಅದ್ದಿದವರೇ ಹಿತ್ತಿಲಿನಿಂದ ತೋಟಕ್ಕೆ ಇಳಿದರು. ಐದು ತಿಂಗಳು ಕತ್ತರಿಸದ ಹಿಪ್ಪುನೇರಳೆ ಆಳೆತ್ತರ ಬೆಳೆದಿತ್ತು. ಬದುವಿನ ಮೇಲೆ ಕೂತು, ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಿದರು. ಅವತ್ತು ಎರಡು ಮುದ್ದೆ ಉಂಡರು.

ಏಳು ದಿನ ಮುಗಿದ ಮೇಲೆ ನಾನು ಒಂದು ಕೆಲಸ ಮಾಡಿದೆ. ಅವರಿಗೆ ಹೇಳದೆ ಕೈಲಾಂಚದ ಅಂಗಡಿಗೆ ಹೋದೆ. ಮೂವರು ಗಂಡಸರು ಹೋಗಲಿ ಎಂದು ಕಾದು, ಯಾರೂ ಇಲ್ಲದಾಗ, "ಒಂದ್ ಡಬ್ಬಿ ನಶ್ಯ ಕೊಡಪ್ಪ" ಎಂದೆ.

"ಯಾರ್ಗಕ್ಕಾ, ನಿಮ್ಗೇನಾ?" ಎಂದ ಅಂಗಡಿಯವನು.

ಮತ್ತೆ ಮೇಷ್ಟ್ರ ಪಾಠ ನೆನಪಾಯಿತು.

"ಹೌದು" ಎಂದೆ!

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಜಯಮ್ಮ ಫಾರಿನ್ನಿಗೆ ಹೋಗಿ ನಶ್ಯ ಕಲಿತುಕೊಂಡು ಬಂದವಳೆ! ಪುಟ್ಟಗೌರಮ್ಮ ಇವತ್ತಿಗೂ ನನ್ನ ಮೂಗನ್ನು ಒಮ್ಮೆ ನೋಡಿಯೇ ಮಾತು ಶುರುಮಾಡುತ್ತಾಳೆ. ತಾತನಿಗೆ ಹೇಳಿದರೆ, "ಇರ್ಲಿ ಬುಡು, ಇನ್ಮ್ಯಾಕೆ ಡಬ್ಬಿ ಬಚ್ಚಿಡೋ ಕೆಲ್ಸ ಇಲ್ವಲ್ಲ" ಎಂದು ನಕ್ಕರು.

ಆಮೇಲೆ ಅವರು ಎರಡು ವರ್ಷ ನಮ್ಮ ಜೊತೆ ಇದ್ದರು. ಹೋದದ್ದು ನಮ್ಮ ಮನೆಯಲ್ಲೇ, ಮಧ್ಯಾಹ್ನ ಉಂಡು ಮಲಗಿದ್ದಾಗ. ಇರುವುದು ಅವರು ಕೇಳಿದ ಜಾಗದಲ್ಲೇ, ತೋಟದ ಬದುವಿನಲ್ಲಿ, ಅಪ್ಪ ಅವ್ವನ ಪಕ್ಕದಲ್ಲಿ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದೆಲ್ಲ ಇಡಬೇಕಲ್ಲ, ನಶ್ಯವನ್ನೂ ಇಡುತ್ತೇನೆ. ನಲವತ್ತು ವರ್ಷ ಆ ತೋಟದ ಹತ್ತಿರ ಸುಳಿಯಲು ಬಿಡದ ಪುಡಿಯನ್ನು ನಾನೇ ಒಯ್ದು ಇಡುತ್ತೇನೆ. ಆ ಬದುವಿನ ಪಕ್ಕದ ಕೊನೆಯ ಸಾಲಿನ ಸೊಪ್ಪನ್ನು ಮಾತ್ರ ಹುಳಕ್ಕೆ ಹಾಕುವುದಿಲ್ಲ. ಅದು ತಾತನ ಸಾಲು.

ಸಿಂಚನಾ, ಗಗನ್, ಈ ಹಾಳೆಗಳನ್ನು ಜೋಪಾನ ಮಾಡಿ. ಹಾಳಾಗದಿರಲಿ ಎಂದು ನಾನು ಬರೆದಷ್ಟನ್ನು ದಿನವೂ ಕಬ್ಬಿಣದ ಪೆಟ್ಟಿಗೆಯಲ್ಲಿ, ತಾತ ಬಿಟ್ಟುಹೋದ ನಶ್ಯದ ಡಬ್ಬಿಯ ಪಕ್ಕದಲ್ಲಿ ಇಡುತ್ತಿದ್ದೆ. ಇವತ್ತು ಪೂರ್ತಿ ಮಾಡೋಣವೆಂದು ತೆಗೆದರೆ ಹಾಳೆಯ ಮಡಿಕೆಯಲ್ಲೆಲ್ಲ ಕಂದು ಪುಡಿ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಈ ಕಥೆಯನ್ನೆಲ್ಲ ಬರೆದವಳು ನಾನೇ, ಆದರೂ ಹಾಕಿರಲಿಲ್ಲ! ಈ ಸಾಲು ಬರೆಯುವುದರೊಳಗೆ ನಾಲ್ಕು ಸಲ ಸೀನಿದ್ದೇನೆ. ಎಷ್ಟು ಕೊಡವಿದರೂ ಹೋಗುತ್ತಿಲ್ಲ. ಹಾಗೇ ಕಳಿಸುತ್ತಿದ್ದೇನೆ. ಮುಖ ಒಂದು ಕಡೆ ತಿರುಗಿಸಿಕೊಂಡು ಬಿಡಿಸಿ, ಓದಿ, ಮತ್ತೆ ಮಡಿಸಿ ಒಳಗಿಡಿ. ವಿಮಾನ ಹತ್ತುವ ದಿನ ಮಾತ್ರ ತೆಗೆಯಬೇಡಿ.

ನಿಮ್ಮ ಅಜ್ಜಿ
ಜಯಮ್ಮ